ನಂದಿಯ ಶಿವನಿಂದ ಶಿಡ್ಲಘಟ್ಟದ ತಮಟೆಯವರೆಗೆ



ಮಾತು ಬಾರದ ಕೂಸಿಗೂ ಸಂತೋಷವನ್ನು ಹೇಳಿಕೊಳ್ಳಲು ಬರುತ್ತದೆ. ತಾಯಿಯನ್ನು ಕಂಡ ಕೂಡಲೇ ಅದು ಕೈ ಬಡಿಯುತ್ತದೆ, ಕಾಲು ಆಡಿಸುತ್ತದೆ, ಮೈಯೆಲ್ಲ ಕುಣಿಸುತ್ತದೆ. ಅದನ್ನು ಯಾರೂ ಕಲಿಸಿದ್ದಲ್ಲ. ಆದರೆ ಆ ಕುಣಿತ ತಾಯಿ ಮಗುವಿನ ನಡುವೆ ಹುಟ್ಟಿ ಅಲ್ಲೇ ಮುಗಿದುಹೋಗುತ್ತದೆ. ಒಬ್ಬರ ಸಂತೋಷ ಇಡೀ ಊರಿಗೆ ಹಬ್ಬಬೇಕಾದರೆ, ಸಾವಿರ ವರ್ಷ ಕಳೆದು ಬರುವವರನ್ನೂ ಮುಟ್ಟಬೇಕಾದರೆ, ಅದಕ್ಕೊಂದು ಹೆಜ್ಜೆ ಬೇಕು, ತಾಳ ಬೇಕು, ಕೈಗೆ ಒಂದು ಮುದ್ರೆ ಬೇಕು. ಆ ಕೆಲಸವನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಶಿಲ್ಪಿಗಳು, ತಮಟೆಯವರು, ಕರಗ ಹೊರುವವರು, ಕೋಲಾಟದವರು ಹೇಗೆ ಮಾಡಿಕೊಂಡು ಬಂದಿದ್ದಾರೆ ಎಂಬುದನ್ನು ಇವತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟು: ಕಲೆಯಲ್ಲಿ ಕಾಣುವ ಆನಂದ ತಾನಾಗಿ ಉಕ್ಕಿದ್ದಲ್ಲ. ಭಾರ ಹೊತ್ತು, ಮೈ ದಂಡಿಸಿ, ಜೊತೆಯವರ ಲಯಕ್ಕೆ ಕಿವಿಗೊಟ್ಟು ಅದನ್ನು ಕಟ್ಟಿದವರಿದ್ದಾರೆ. ಅವರ ಋಣ ನಮ್ಮೆಲ್ಲರ ಮೇಲಿದೆ.

ಮೊದಲು ನಂದಿ ಗ್ರಾಮಕ್ಕೆ ಹೋಗೋಣ. ಬೆಂಗಳೂರಿನಿಂದ ನಸುಕಿನಲ್ಲೇ ಹೊರಟು ನಂದಿಬೆಟ್ಟದ ಮೇಲೆ ಸೂರ್ಯೋದಯ ನೋಡುವವರು ಬಹಳ ಮಂದಿ. ಅವರಲ್ಲಿ ಹಲವರು ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಾಲಯವನ್ನು ನೋಡದೆಯೇ ಹಿಂತಿರುಗುತ್ತಾರೆ. ಕರ್ನಾಟಕದ ಹಳೆಯ ದೇವಾಲಯಗಳಲ್ಲಿ ಇದೂ ಒಂದು. ಇಲ್ಲಿಯ ಶಿವಾಲಯದ ಪ್ರಸ್ತಾಪವಿರುವ ಶಾಸನ ಕ್ರಿ.ಶ. 806ರ ಸುಮಾರಿನದು, ನೊಳಂಬರ ಕಾಲದ್ದು. ಅದೇ ಆಸುಪಾಸಿನ ಬಾಣ ಅರಸರ ತಾಮ್ರಪಟಗಳೂ ಇವೆ. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಇದನ್ನು ಬೆಳೆಸಿದರು. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಎಂಬ ಎರಡು ಗುಡಿಗಳು ಅಕ್ಕಪಕ್ಕ ನಿಂತಿವೆ. ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ, ಅದರ ಮುಂದೆ ಕಪ್ಪು ಕಲ್ಲಿನ ನಾಲ್ಕು ಕಂಬಗಳ ಕಲ್ಯಾಣಮಂಟಪ. ಆ ಕಂಬಗಳ ಮೇಲೆ ಬೆರಳಿಡಲು ಬರಿದು ಜಾಗ ಸಿಗದಷ್ಟು ಒತ್ತೊತ್ತಾಗಿ ಕೆತ್ತನೆ ಇದೆ. ಆಚೆ ಪ್ರಾಕಾರದಲ್ಲಿ ಶೃಂಗಿತೀರ್ಥವೆಂಬ ಮೆಟ್ಟಿಲುಗಳ ಕಲ್ಯಾಣಿ.

ಇಲ್ಲಿಯ ಜನ ಒಂದು ಕಥೆ ಹೇಳುತ್ತಾರೆ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಶಿವನ ಯೌವನ, ಬೆಟ್ಟದ ಮೇಲಿರುವ ಯೋಗನಂದೀಶ್ವರ ಅವನ ವೈರಾಗ್ಯ. ಯೋಗಿಯ ಗುಡಿಯಲ್ಲಿ ಹಬ್ಬದ ಸಡಗರವಿಲ್ಲ. ತೇರು, ವಾದ್ಯ, ಕಲ್ಯಾಣೋತ್ಸವ ಎಲ್ಲವೂ ಬುಡದಲ್ಲಿರುವ ಭೋಗಿಗೆ. ಶಿವರಾತ್ರಿಯ ಸಮಯದಲ್ಲಿ ಇಲ್ಲಿ ಜೋಡಿ ರಥ ಎಳೆಯುತ್ತಾರೆ, ದನಗಳ ಜಾತ್ರೆ ಸೇರುತ್ತದೆ. ಈ ಕಥೆಯಲ್ಲಿ ನಮ್ಮ ಹಿರಿಯರ ತಿಳಿವಳಿಕೆ ಕಾಣುತ್ತದೆ. ಅವರು ವೈರಾಗ್ಯವನ್ನು ಎತ್ತರದಲ್ಲಿಟ್ಟು ಪೂಜಿಸಿದರು. ಆದರೆ ಬೆಟ್ಟ ಹತ್ತಲಾರದ ಮುದುಕರೂ ಮಕ್ಕಳೂ ಸೇರುವ ಕಡೆ, ಹೊಲಗದ್ದೆಯ ಮಟ್ಟದಲ್ಲಿ, ಆನಂದಕ್ಕೆ ದೊಡ್ಡ ಅಂಗಳವನ್ನೇ ಕಟ್ಟಿಸಿದರು. ಬದುಕಿಗೆ ಎರಡೂ ಬೇಕು ಎಂದು ಒಪ್ಪಿಕೊಂಡವರು ಅವರು.

ಗುಡಿಯ ಹೊರಗೋಡೆಯ ಬಳಿ ಸ್ವಲ್ಪ ನಿಲ್ಲಿ. ಒಳಗೆ ಬೆಳಕು ಬರಲೆಂದು ಗೋಡೆಯಲ್ಲಿ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದ್ದಾರೆ. ಕಲ್ಲನ್ನು ತೂತು ತೂತಾಗಿ ಕೊರೆದು ಮಾಡಿದ ಕಿಟಕಿಗಳವು. ಅವುಗಳಲ್ಲಿ ಒಂದೆಡೆ ನರ್ತಿಸುವ ಶಿವನಿದ್ದಾನೆ, ಇನ್ನೊಂದೆಡೆ ಕೋಣನ ತಲೆಯ ಮೇಲೆ ನಿಂತ ದುರ್ಗೆಯಿದ್ದಾಳೆ. ಶಿಲ್ಪಿಯ ಮುಂದಿದ್ದ ಕಷ್ಟವನ್ನು ಯೋಚಿಸಿ. ಕಿಟಕಿ ಎಂದಮೇಲೆ ಗಾಳಿ ಬೆಳಕಿಗೆ ದಾರಿ ಬಿಡಬೇಕು, ಅಂದರೆ ಕಲ್ಲಿನ ಬಹುಭಾಗ ಹೋಗಲೇಬೇಕು. ಉಳಿದಷ್ಟರಲ್ಲಿ ಒಂದು ದೇಹ ಕುಣಿಯಬೇಕು. ಒಂದು ಏಟು ಹೆಚ್ಚಾದರೂ ತೋಳು ಮುರಿದುಬೀಳುತ್ತದೆ. ಹೀಗಾಗಿ ಇಲ್ಲಿ ನರ್ತನ ಕಾಣುವುದು ಕೆತ್ತಿದ ಕಲ್ಲಿನಿಂದ ಎಷ್ಟೋ, ಕೊರೆದು ತೆಗೆದ ಜಾಗದಿಂದಲೂ ಅಷ್ಟೇ. ಬಾಗಿದ ಮೈಯ ಸುತ್ತ ಬಯಲಿದೆ. ಹೊತ್ತು ಏರಿದಂತೆ ಆ ಬಯಲಿನಲ್ಲಿ ಬೆಳಕು ಸರಿಯುತ್ತದೆ, ಬೆಳಕು ಸರಿದಂತೆ ಕಲ್ಲಿನ ಮೈಯಲ್ಲೂ ಚಲನೆ ಕಾಣುತ್ತದೆ. ಒಳಗೆ ಕತ್ತಲಲ್ಲಿ ಕೈಮುಗಿದು ನಿಂತವರಿಗೆ ಬೆಳಕು ಬರುವುದೇ ಈ ನರ್ತನದ ಮೂಲಕ.

ಕುಣಿಯುವ ಶಿವನನ್ನು ಕನ್ನಡ ನಾಡಿನ ಶಿಲ್ಪಿಗಳು ಅದಕ್ಕೂ ಮೊದಲೇ ಚೆನ್ನಾಗಿ ಬಲ್ಲವರು. ಬಾದಾಮಿಯ ಮೊದಲ ಗುಹೆಯ ಬಾಗಿಲಲ್ಲೇ, ಆರನೆಯ ಶತಮಾನದ ಚಾಲುಕ್ಯ ಶಿಲ್ಪಿ ಹದಿನೆಂಟು ಕೈಗಳ ನಟರಾಜನನ್ನು ಬಂಡೆಯಿಂದ ಬಿಡಿಸಿದ್ದಾನೆ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು ಕೈಗಳು. ಎಡದ ಒಂದು, ಬಲದ ಒಂದು ಕೈಯನ್ನು ಜೋಡಿ ಮಾಡಿಕೊಂಡು ನೋಡುತ್ತ ಹೋದರೆ 81 ಭಂಗಿಗಳು ಸಿಗುತ್ತವೆ. ಒಂದೇ ಕ್ಷಣವನ್ನು ಹಿಡಿಯಬೇಕಾದ ಶಿಲ್ಪದೊಳಗೆ ಇಡೀ ನೃತ್ಯವನ್ನು ಇಡುವ ಉಪಾಯವದು. ಮುಂದೆ ತಮಿಳು ನಾಡಿನ ಚೋಳರ ಕಂಚಿನಲ್ಲಿ ಎಡಗಾಲು ಅಡ್ಡವಾಗಿ ಮೇಲೆದ್ದ ನಟರಾಜ ಜಗತ್ತಿಗೆಲ್ಲ ಹೆಸರಾದ. ಆನಂದ ಕುಮಾರಸ್ವಾಮಿಯವರು 1918ರಲ್ಲಿ ಶಿವನ ನೃತ್ಯದ ಬಗ್ಗೆ ಬರೆದ ಮೇಲಂತೂ ಅವನು ಭಾರತೀಯ ಕಲೆಗೇ ಗುರುತಾದ. ಬಾದಾಮಿಯ ಶಿವನ ರೀತಿ ಬೇರೆ. ಅವನ ಮಂಡಿ ಬಾಗಿದೆ, ಪಾದ ನೆಲದ ನಂಟನ್ನು ಬಿಟ್ಟಿಲ್ಲ. ನಮ್ಮ ಹಳ್ಳಿಯ ಕುಣಿತಗಳಲ್ಲೂ ಮೈ ಹೀಗೇ ತಗ್ಗಿ, ಬಾಗಿ, ನೆಲವನ್ನು ತುಳಿಯುತ್ತದೆ. ಗುಡಿಯ ಗೋಡೆಯ ಮೇಲಿನ ಕುಣಿತಕ್ಕೂ ಗುಡಿಯ ಮುಂದಿನ ಬಯಲಿನ ಕುಣಿತಕ್ಕೂ ನೆಲ ಒಂದೇ.

ಇಲ್ಲಿ ಶಾಸ್ತ್ರ ಏನು ಹೇಳುತ್ತದೆ ಎಂದು ಸ್ವಲ್ಪ ನೋಡಬೇಕು. ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಮೈಯಿಂದ ಮಾಡುವುದು, ಮಾತಿನಿಂದ ಮಾಡುವುದು, ವೇಷಭೂಷಣದಿಂದ ಮಾಡುವುದು, ಮನಸ್ಸು ಪೂರ್ತಿ ತೊಡಗಿದಾಗ ತಾನಾಗಿ ಮೈಯಲ್ಲಿ ಮೂಡುವುದು. ಸಂತೋಷವನ್ನು, ಅಂದರೆ ಹರ್ಷವನ್ನು, ಭರತ 33 ಸಂಚಾರಿ ಭಾವಗಳ ಸಾಲಿನಲ್ಲಿ ಸೇರಿಸುತ್ತಾನೆ. ಬಂದು ಹೋಗುವ ಭಾವಗಳವು, ನೆಲೆಯಾಗಿ ನಿಲ್ಲುವಂಥವಲ್ಲ. ಹರ್ಷದ ಗುರುತುಗಳನ್ನೂ ಅವನು ಹೇಳುತ್ತಾನೆ: ಮುಖ ಕಣ್ಣುಗಳು ಅರಳುವುದು, ಪ್ರಿಯವಾದ ಮಾತಾಡುವುದು, ಅಪ್ಪಿಕೊಳ್ಳುವುದು, ಮೈ ಜುಮ್ಮೆನ್ನುವುದು, ಬೆವರುವುದು, ಕಣ್ಣೀರು ಬರುವುದು. ಕಣ್ಣೀರು ದುಃಖಕ್ಕೂ ಬರುತ್ತದೆ, ಬೆವರು ಭಯಕ್ಕೂ ಬರುತ್ತದೆ. ಹಾಗಾಗಿ ಬರಿಯ ಕಣ್ಣೀರನ್ನೋ ಬೆವರನ್ನೋ ತೋರಿಸಿದರೆ ನೋಡುವವರಿಗೆ ಅದು ಸಂತೋಷವೆಂದು ತಿಳಿಯುವುದಿಲ್ಲ. ಆ ಕಣ್ಣೀರಿನ ಹಿಂದೆ ಏನಾಯಿತು, ಯಾರು ಬಂದರು, ಎಷ್ಟು ದಿನ ಕಾದದ್ದು ಎಂಬುದನ್ನೆಲ್ಲ ಕೈಯೂ ಕಣ್ಣೂ ಹೆಜ್ಜೆಯೂ ಸೇರಿ ಕಟ್ಟಿಕೊಡಬೇಕು. ಬಂದು ಹೋಗುವ ಭಾವಕ್ಕೆ ನೋಡುವವರ ಮನಸ್ಸಿನಲ್ಲಿ ನೆಲೆ ಸಿಗುವುದು ಆಗಲೇ.

ಅಭಿನಯದರ್ಪಣವೆಂಬ ಇನ್ನೊಂದು ಗ್ರಂಥವಿದೆ. ಅದನ್ನು ನಂದಿಕೇಶ್ವರನ ಹೆಸರಿನಲ್ಲಿ ಹೇಳುತ್ತಾರೆ. ಒಂದೇ ಕೈಯಿಂದ ಮಾಡುವ 28 ಹಸ್ತಗಳ ಪಾಠವನ್ನು ಭರತನಾಟ್ಯ ಕಲಿಯುವ ಮಕ್ಕಳು ಇವತ್ತಿಗೂ ಅದರಿಂದಲೇ ಹೇಳುತ್ತಾರೆ. ಬೆರಳುಗಳು ಒಂದೊಂದಾಗಿ ಬಿಚ್ಚಿ ಅರಳುವ ಅಲಪದ್ಮ ಹಸ್ತವನ್ನು ನೀವು ನೋಡಿರುತ್ತೀರಿ. ಅದನ್ನು ಕಲಿಯುವಾಗ ಮಕ್ಕಳ ಬೆರಳು ನೋಯುತ್ತದೆ, ಕಿರುಬೆರಳು ಮಾತು ಕೇಳುವುದಿಲ್ಲ. ಆ ನೋವು ಮರೆತು ಬೆರಳು ತಾನಾಗಿ ಅರಳುವಷ್ಟು ಪಳಗಿದ ಮೇಲೆ, ಅದೇ ಹಸ್ತ ಹೂವನ್ನೂ ತುಂಬುಚಂದಿರನನ್ನೂ ಚೆಲುವನ್ನೂ ತೋರಿಸಬಲ್ಲದು. ನಮ್ಮ ಮೈಸೂರಿನ ಕೆ. ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರಲ್ಲಿ ಕಲಿತು, ಅರಮನೆಯ ಆಸ್ಥಾನ ವಿದುಷಿಯಾಗಿ, 1992ರಲ್ಲಿ ಪದ್ಮಭೂಷಣ ಪಡೆದವರು. ಅವರ ಹಿರಿಮೆ ಅಭಿನಯದಲ್ಲಿತ್ತು. ಕುಳಿತಲ್ಲೇ ಕಣ್ಣು, ಹುಬ್ಬು, ಬೆರಳುಗಳಿಂದ ಒಂದು ಸಾಲಿನ ಭಾವವನ್ನು ಬಗೆಬಗೆಯಾಗಿ ಬಿಡಿಸುವ ಮೈಸೂರು ಸಂಪ್ರದಾಯವನ್ನು ಅವರು ಉಳಿಸಿಕೊಟ್ಟರು. ಶಿಡ್ಲಘಟ್ಟದ ಕಡೆಯವರಿಗೆ ಇದು ಬೇಗ ಅರ್ಥವಾದೀತು. ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನ ಎಳೆಯ ತುದಿಯನ್ನು ಹುಡುಕಿ ಹಿಡಿದು, ತುಂಡಾಗದಂತೆ ಉದ್ದಕ್ಕೂ ಬಿಚ್ಚುವ ಹಾಗೆ ಕಲಾವಿದೆ ಒಂದು ಭಾವದ ತುದಿ ಹಿಡಿದು ಅದನ್ನು ಕೊನೆಯವರೆಗೂ ಬಿಚ್ಚುತ್ತಾಳೆ.

ಈಗ ಅದೇ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಗೆ ಬರೋಣ. 2023ರಲ್ಲಿ ಕೇಂದ್ರ ಸರ್ಕಾರ ಪದ್ಮ ಪ್ರಶಸ್ತಿಗಳ ಪಟ್ಟಿ ಪ್ರಕಟಿಸಿದಾಗ ಅದರಲ್ಲಿ ಈ ಹಳ್ಳಿಯ ಹೆಸರಿತ್ತು. ತಮಟೆ ಕಲಾವಿದರಾದ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಿತ್ತು. ಅದೇ ವರ್ಷ ಕೊಡಗಿನ ಉಮ್ಮತ್ತಾಟ್ ಕುಣಿತದ ರಾಣಿ ಮಾಚಯ್ಯನವರಿಗೂ ಪದ್ಮಶ್ರೀ ಸಂದಿತು. ನಮ್ಮ ನಾಡಿನ ಎರಡು ಜನಪದ ಕುಣಿತಗಳು ಒಂದೇ ಪಟ್ಟಿಯಲ್ಲಿ ರಾಷ್ಟ್ರಪತಿ ಭವನದವರೆಗೆ ಹೋದವು. ಹಳ್ಳಿಯ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡು, ಹರೆಯದಿಂದಲೂ ತಮಟೆ ಬಡಿದು, ಹುಡುಗರಿಗೆ ಕಲಿಸುತ್ತ ಬಂದ ಒಬ್ಬ ಹಿರಿಯರಿಗೆ ಸಂದ ಆ ಗೌರವ ಇಡೀ ಸೀಮೆಗೆ ಸಂದ ಗೌರವ.

ತಮಟೆ ನೋಡಲು ಸರಳ. ಒಂದು ಬಳೆ, ಅದರ ಒಂದು ಬದಿಗೆ ಬಿಗಿದ ಚರ್ಮ. ಹೆಗಲಿಗೆ ತೂಗುಹಾಕಿಕೊಂಡು ಎರಡು ಕಡ್ಡಿಗಳಿಂದ ಬಡಿಯುತ್ತಾರೆ. ಒಂದು ಕೈಯಲ್ಲಿ ಗಿಡ್ಡಗೆ ದಪ್ಪಗಿರುವ ಕಡ್ಡಿ, ಇನ್ನೊಂದರಲ್ಲಿ ಉದ್ದಗೆ ತೆಳ್ಳಗಿರುವ ಕಡ್ಡಿ. ದಪ್ಪ ಕಡ್ಡಿ ಏಟು ಕೊಡುತ್ತದೆ, ತೆಳುವಾದದ್ದು ಆ ಏಟುಗಳ ನಡುವಿನ ಜಾಗವನ್ನು ಚುರುಕಾಗಿ ತುಂಬುತ್ತದೆ. ಬಡಿಯುವ ಮೊದಲು ಹುಲ್ಲಿನ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಶಾಖಕ್ಕೆ ಚರ್ಮ ಬಿಗಿಯುತ್ತದೆ, ನಾದ ಏರುತ್ತದೆ. ಸಂಜೆಯ ತೇವಕ್ಕೆ ಚರ್ಮ ಸಡಿಲವಾದರೆ ಮತ್ತೆ ಬೆಂಕಿಯ ಬಳಿಗೆ ಹೋಗಬೇಕು. ತಮಟೆಗೆ ಇನ್ನೊಂದು ವಿಶೇಷವಿದೆ. ಕೂತು ನುಡಿಸುವ ವಾದ್ಯವಲ್ಲ ಅದು. ಮೈಗೆ ಅಂಟಿಕೊಂಡಿರುವುದರಿಂದ ನುಡಿಸುವವನೇ ಕುಣಿಯುವವನು. ಸಾಲಾಗಿ, ಅರ್ಧಚಂದ್ರವಾಗಿ ನಿಂತು, ಒಟ್ಟಿಗೆ ಮಂಡಿ ಬಾಗಿಸಿ, ಒಟ್ಟಿಗೆ ಎದ್ದು, ಒಟ್ಟಿಗೆ ತಿರುಗುತ್ತಾರೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ತಾಳ ತಪ್ಪದೆ ಬಡಿಯುವುದೂ ಉಂಟು. ಕೇಳುವವರ ಕಾಲು ತಾನಾಗಿ ಆಡತೊಡಗುತ್ತದೆ. ಕುಣಿಯಲು ಸಂಕೋಚಪಡುವವರ ತಲೆಯಾದರೂ ಆಡುತ್ತದೆ.

ಆದರೆ ಈ ಸಂತೋಷವನ್ನು ಊರಿಗೆ ಹಂಚಿದವರ ಬದುಕು ಹೇಗಿತ್ತು ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ತಮಟೆ ಬಡಿಯುವ ಕೆಲಸವನ್ನು ಜಾತಿಯ ಕಟ್ಟುಪಾಡು ದಲಿತರ ಕೇರಿಗೆ ಹೊರಿಸಿತ್ತು. ಜಾತ್ರೆಗೂ ಅವರೇ ಬೇಕು, ಸಾವಿಗೂ ಅವರೇ ಬೇಕು, ಊರಿಗೆ ಸುದ್ದಿ ಸಾರುವುದಕ್ಕೂ ಅವರೇ ಬೇಕು. ದೇವರ ಮೆರವಣಿಗೆಗೆ ದಾರಿ ಮಾಡಿಕೊಟ್ಟವರು ಗುಡಿಯೊಳಗೆ ಕಾಲಿಡುವಂತಿರಲಿಲ್ಲ. ಬಡಿದ ಕೈಗೆ ಸಿಗುತ್ತಿದ್ದುದು ಒಂದಿಷ್ಟು ಕಾಳು, ಒಂದು ಹೊತ್ತಿನ ಊಟ. ಈ ಅವಮಾನದ ನೆನಪಿಗೇ ಎಷ್ಟೋ ಮನೆಗಳ ಹುಡುಗರು ತಮಟೆ ಮುಟ್ಟುವುದಿಲ್ಲ ಎಂದರು. ಹಾಗೆ ಹೇಳಲು ಅವರಿಗೆ ಪೂರ್ತಿ ಹಕ್ಕಿತ್ತು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಹೋರಾಟದ ಹಾಡುಗಳ ಜೊತೆಗೆ ತಮಟೆ ಬೀದಿಗೆ ಬಂದಾಗ ಅದರ ದನಿ ಬದಲಾಯಿತು. ಒಡೆಯರ ಆಜ್ಞೆಗೆ ಬಡಿಯುತ್ತಿದ್ದ ಕೈ ತನ್ನ ಹಕ್ಕಿಗಾಗಿ ಬಡಿಯಿತು. ಕೋಲಾರದ ತೇರಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ, ಹುಣ್ಣಿಮೆ ಹಾಡು ಎಂಬ ತಿಂಗಳ ಕಾರ್ಯಕ್ರಮದಲ್ಲಿ ಇಂಥ ಕಲೆಗಳಿಗೆ ತಲೆಯೆತ್ತಿ ನಿಲ್ಲುವ ವೇದಿಕೆ ಕೊಟ್ಟಿತು. ಬಲವಂತಕ್ಕೆ ಬಡಿದ ತಮಟೆಗೂ ಅಭಿಮಾನದಿಂದ ಬಡಿದ ತಮಟೆಗೂ ಗತ್ತು ಒಂದೇ ಇರಬಹುದು. ಆನಂದ ಇರುವುದು ಎರಡನೆಯದರಲ್ಲಿ ಮಾತ್ರ.

ಭಾರ ಹೊತ್ತು ಕುಣಿಯುವ ಇನ್ನೊಂದು ಕಲೆ ಕರಗ. ಕರಗ ಎಂದರೆ ಬೆಂಗಳೂರಿನ ಧರ್ಮರಾಯನ ಗುಡಿಯೇ ಹಲವರಿಗೆ ನೆನಪಾಗುತ್ತದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯಂಥ ಊರುಗಳಲ್ಲೂ ದ್ರೌಪದಮ್ಮನ ಕರಗ ಭಕ್ತಿಯಿಂದ ನಡೆಯುತ್ತದೆ. ತಿಗಳ ಸಮುದಾಯದವರು ಇದನ್ನು ತಲೆಮಾರುಗಳಿಂದ ಕಾಪಾಡಿದ್ದಾರೆ. ಕರಗ ಹೊರುವವರು ವ್ರತ ಹಿಡಿದು, ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆಯಿಂದ ಮುಚ್ಚಿದ ಎತ್ತರದ ಕರಗವನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅದನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಈ ಸೀಮೆಯಲ್ಲಿ ಬೀದಿಬೀದಿಗೆ ವೇದಿಕೆ ಹಾಕಿ, ವಾದ್ಯದ ಗತ್ತಿಗೆ ಕರಗ ಹೊತ್ತವರು ಕುಣಿಯುವುದನ್ನು ನೋಡಲು ಜನ ರಾತ್ರಿಯಿಡೀ ಕಾಯುತ್ತಾರೆ. ತಮಟೆ ಏರಿದಂತೆ ಹೆಜ್ಜೆ ಏರುತ್ತದೆ, ಸೊಂಟ ತಿರುಗುತ್ತದೆ, ಮಂಡಿ ಬಾಗುತ್ತದೆ. ಕುತ್ತಿಗೆ ಮಾತ್ರ ಅಲುಗುವುದಿಲ್ಲ. ಕೆಳಗೆ ಇಡೀ ಮೈ ಕುಣಿಯುತ್ತಿದ್ದರೂ ಮೇಲೆ ಮಲ್ಲಿಗೆಯ ಗೋಪುರ ನೆಟ್ಟಗೆ ನಿಂತಿರುತ್ತದೆ. ಒನಕೆಯನ್ನು ನೆಟ್ಟಗೆ ತಲೆಯ ಮೇಲೆ ನಿಲ್ಲಿಸಿ ಅದರ ಮೇಲೆ ಕಲಶವಿಟ್ಟು ಕುಣಿಯುವ ಒನಕೆ ಕರಗವೂ ಈ ಸಂಪ್ರದಾಯದಲ್ಲಿದೆ.

ಅಲ್ಲಿ ಸೇರಿದ ಜನಕ್ಕೆ ಆಗುವ ಸಂತೋಷ ಎಂಥದ್ದೆಂದು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಬಿದ್ದೀತು ಎಂಬ ಆತಂಕ ಎಲ್ಲರ ಎದೆಯಲ್ಲೂ ಇರುತ್ತದೆ. ಬೀಳದೆ ನಿಂತ ಪ್ರತಿ ಕ್ಷಣವೂ ಎಲ್ಲರ ಗೆಲುವಾಗುತ್ತದೆ. ಹೊತ್ತವರು ಒಬ್ಬರಾದರೂ ಉಸಿರು ಹಿಡಿಯುವವರು ಸಾವಿರ ಮಂದಿ. ಹೊರೆ ಇಲ್ಲದ ಬದುಕು ನಮ್ಮ ಬಯಲುಸೀಮೆಯ ಯಾರಿಗೂ ಸಿಕ್ಕಿಲ್ಲ. ನೀರಿಗಾಗಿ ಸಾವಿರ ಅಡಿ ಆಳಕ್ಕೆ ಬೋರ್‌ವೆಲ್ ಕೊರೆಸಿ ಸಾಲ ಹೊತ್ತವರು ಇಲ್ಲಿದ್ದಾರೆ. ಟೊಮ್ಯಾಟೊ ಬೆಲೆ ಕುಸಿದಾಗ ಬೆಳೆಯನ್ನು ರಸ್ತೆಗೆ ಸುರಿದವರಿದ್ದಾರೆ, ರೇಷ್ಮೆಗೂಡಿನ ದರ ಇಳಿದಾಗ ತಲೆಯ ಮೇಲೆ ಕೈ ಹೊತ್ತು ಕೂತವರಿದ್ದಾರೆ. ಹೊರೆಯನ್ನು ಇಳಿಸದೆಯೂ ಕುಣಿಯಬಹುದು ಎಂದು ಅವರ ಕಣ್ಣೆದುರಿಗೇ ತೋರಿಸಿಕೊಡುವ ಕಲೆ ಕರಗ. ಅದಕ್ಕೇ ಅವರು ರಾತ್ರಿಯಿಡೀ ಕಾಯುತ್ತಾರೆ.

ಕೋಲಾಟದ ಆನಂದ ಇನ್ನೊಂದು ಬಗೆಯದು. ಇಲ್ಲಿ ಒಬ್ಬರೇ ಗೆಲ್ಲಲು ಆಗುವುದಿಲ್ಲ. ನನ್ನ ಕೋಲು ಸದ್ದು ಮಾಡಬೇಕಾದರೆ ಎದುರಿನವರ ಕೋಲು ಆ ಕ್ಷಣಕ್ಕೆ ಆ ಜಾಗದಲ್ಲಿರಬೇಕು. ಸುತ್ತು ಬದಲಾದಂತೆ ಜೊತೆಗಾರರೂ ಬದಲಾಗುತ್ತಾರೆ, ಬಂದ ಪ್ರತಿಯೊಬ್ಬರಿಗೂ ಕೋಲು ಕೊಡಬೇಕು. ಒಬ್ಬರು ಬೀಗಿ ವೇಗ ಹೆಚ್ಚಿಸಿದರೆ ಇಡೀ ಸುತ್ತು ಮುರಿಯುತ್ತದೆ. ಆಂಧ್ರದ ಗಡಿಗೆ ಅಂಟಿಕೊಂಡ ಈ ತಾಲ್ಲೂಕುಗಳಲ್ಲಿ ಮನೆಯ ಮಾತು ತೆಲುಗಾಗಿದ್ದು, ಶಾಲೆಯ ಮಾತು ಕನ್ನಡವಾಗಿರುವ ಊರುಗಳು ಎಷ್ಟೋ ಇವೆ. ಒಂದು ಸುತ್ತಿಗೆ ತೆಲುಗು ಪದ, ಮುಂದಿನ ಸುತ್ತಿಗೆ ಕನ್ನಡ ಪದ. ಹಾಡಿನ ಭಾಷೆ ಬದಲಾದರೂ ಕೋಲಿನ ಸದ್ದಿನಲ್ಲಿ ವ್ಯತ್ಯಾಸವಿಲ್ಲ. ಚೆಕ್ಕಭಜನೆಯಲ್ಲೂ ಹೀಗೆಯೇ. ಎರಡು ಮರದ ತುಂಡುಗಳ ತಾಳ, ಕಾಲಿಗೆ ಗೆಜ್ಜೆ, ರಾಮನ ಪದ, ಸಾಲು ಸಾಲಾಗಿ ಹೆಜ್ಜೆ. ಊರಿನ ರಾತ್ರಿಗಳಲ್ಲಿ ಆಡುವ ಕೇಳಿಕೆ ನಾಟಕಗಳಲ್ಲೂ ಎರಡು ಭಾಷೆಗಳು ಒಂದೇ ಚಪ್ಪರದ ಕೆಳಗೆ ಬಾಳಿವೆ. ಗಡಿಯ ಬಗ್ಗೆ ಜಗಳ ಬಂದಾಗಲೆಲ್ಲ ನಮ್ಮ ಹಳ್ಳಿಯ ಕೋಲಾಟವನ್ನು ನೆನೆಯುವುದು ಒಳ್ಳೆಯದು.

ಚಿಂತಾಮಣಿ ತಾಲ್ಲೂಕಿನ ಕೈವಾರ ಈ ಬಾಳ್ವೆಗೆ ದೊಡ್ಡ ಸಾಕ್ಷಿ. ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಯೋಗಿ ನಾರೇಯಣರಾಗಿ, ಜನರ ಪಾಲಿಗೆ ಕೈವಾರ ತಾತಯ್ಯನಾಗಿ, ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿದರು. ಅವರ ಕಾಲಜ್ಞಾನ ಮನೆಮನೆಯ ಮಾತಾಗಿದೆ. ಗುರುಪೂರ್ಣಿಮೆಗೆ ಕೈವಾರದಲ್ಲಿ ಎಡೆಬಿಡದೆ 72 ಗಂಟೆಗಳ ಸಂಗೀತೋತ್ಸವ ನಡೆಯುತ್ತದೆ. ದೊಡ್ಡ ವಿದ್ವಾಂಸರ ಕಛೇರಿಯ ಜೊತೆಗೆ ಹಳ್ಳಿಯ ಭಜನಾ ತಂಡಗಳಿಗೂ ಅಲ್ಲಿ ಜಾಗವಿದೆ. ಭಜನೆಯಲ್ಲಿ ಕುಣಿತ ಶುರುವಾಗುವ ಬಗೆಯನ್ನು ಗಮನಿಸಿ. ಮೊದಲು ಕೈ ತಾಳ ಹಾಕುತ್ತದೆ, ಆಮೇಲೆ ಭುಜ ಆಡುತ್ತದೆ, ಕೂತವರು ಮಂಡಿಯೂರುತ್ತಾರೆ, ಕೊನೆಗೆ ಒಬ್ಬರು ಎದ್ದು ನಿಂತು ಎರಡೂ ಕೈ ಮೇಲೆತ್ತುತ್ತಾರೆ. ಅದೇ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಎಲ್ಲ ಧರ್ಮದವರೂ ಬರುತ್ತಾರೆ. ದರ್ಗಾಗಳ ಉರುಸಿನ ಕವ್ವಾಲಿಯಲ್ಲೂ ಚಪ್ಪಾಳೆಯೇ ತಾಳ. ಮೈಮರೆತ ಕೈ ಮೇಲೇರುವ ಬಗೆಯೂ ಬೇರೆಯಲ್ಲ. ಯಾವ ದೇವರ ಹೆಸರಿನಲ್ಲಿ ಎತ್ತಿದರೂ ಮೇಲೆತ್ತಿದ ಕೈ ಹೇಳುವುದು ಒಂದನ್ನೇ: ನನ್ನ ಬಳಿ ಬಚ್ಚಿಟ್ಟದ್ದೇನೂ ಇಲ್ಲ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಹೆಸರು ಕೇಳಿದರೆ 1938ರ ಏಪ್ರಿಲ್ 25 ನೆನಪಾಗುತ್ತದೆ. ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಅಂದು ಪೊಲೀಸರು ಗುಂಡು ಹಾರಿಸಿದರು, ಅನೇಕರು ಅಲ್ಲೇ ಪ್ರಾಣ ಬಿಟ್ಟರು. ಉತ್ತರ ಪಿನಾಕಿನಿಯ ದಂಡೆಯ ಅದೇ ನೆಲದಲ್ಲಿ ಇವತ್ತಿಗೂ ತೇರು ಎಳೆಯುತ್ತಾರೆ, ಮಕ್ಕಳ ಫಲ ಬೇಡಿ ನಾಗರಕಲ್ಲು ನೆಡುತ್ತಾರೆ, ಮಗು ಹುಟ್ಟಿದರೆ ಹರಕೆ ತೀರಿಸಲು ಬರುತ್ತಾರೆ. ಹುತಾತ್ಮರ ಸ್ಮಾರಕವೂ ಅಲ್ಲೇ ಇದೆ, ಜಾತ್ರೆಯ ವಾದ್ಯವೂ ಅಲ್ಲೇ ಇದೆ. ಒಂದೇ ತಮಟೆ ಸಾವಿಗೂ ಮದುವೆಗೂ ನುಡಿಯುವ ನಾಡಿನಲ್ಲಿ ಇದು ಸಹಜ. ಜನರ ಸಂತೋಷ ದುಃಖವನ್ನು ಮರೆತು ಬಂದದ್ದಲ್ಲ, ಅದನ್ನು ಜೊತೆಗಿಟ್ಟುಕೊಂಡೇ ಬಂದದ್ದು.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು ಡಾ. ಎಚ್. ನರಸಿಂಹಯ್ಯ. ಬಡತನದಲ್ಲಿ ಬೆಳೆದು, ಓದಿನ ಆಸೆಗೆ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಭೌತಶಾಸ್ತ್ರದ ಮೇಷ್ಟರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಮೂಢನಂಬಿಕೆಯ ವಿರುದ್ಧ ಜೀವನವಿಡೀ ಹೋರಾಡಿದವರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ ಇವರೇ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಜಯನಗರದಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದುಕೊಟ್ಟದ್ದೂ ಅವರೇ. ಎಲ್ಲವನ್ನೂ ಪ್ರಶ್ನಿಸಬೇಕು ಎನ್ನುತ್ತಿದ್ದ ಈ ಸರಳ ಮನುಷ್ಯನಿಗೆ ಸಂಗೀತ, ನೃತ್ಯ, ನಾಟಕ ಬೇಡವೆನಿಸಲಿಲ್ಲ. ವಿಚಾರವಂತನ ಬದುಕು ಒಣಗಿದ ಬದುಕಾಗಬೇಕಿಲ್ಲ ಎಂದು ಅವರು ಮಾಡಿ ತೋರಿಸಿದರು. ಕಲೆಗೆ ಒಂದು ಸಭಾಂಗಣ, ತಪ್ಪದ ವೇಳೆ, ಬಂದು ಕೂರುವ ಪ್ರೇಕ್ಷಕರು ಬೇಕೆಂಬುದನ್ನೂ ಅವರು ಅರಿತಿದ್ದರು. ಪ್ರತಿಭೆ ಹಳ್ಳಿಗಳಲ್ಲಿ ಬೇಕಾದಷ್ಟಿದೆ. ಅದಕ್ಕೆ ನೆರಳು ಕೊಡುವ ಸಂಸ್ಥೆಗಳು ಕಡಿಮೆ.

ಇವತ್ತಿನ ಸ್ಥಿತಿ ನೋಡಿ. ಗಣೇಶನ ಮೆರವಣಿಗೆಗೂ ಊರಹಬ್ಬಕ್ಕೂ ಲಾರಿ ತುಂಬ ಡಿಜೆ ಪೆಟ್ಟಿಗೆಗಳು ಬರುತ್ತವೆ. ಎದೆ ನಡುಗಿಸುವ ಆ ಸದ್ದಿನಲ್ಲಿ ನಾವು ಕುಣಿಯುತ್ತೇವೆ, ಆದರೆ ನಮ್ಮನ್ನು ನೋಡಿ ತಾಳ ಬದಲಿಸುವವರು ಅಲ್ಲಿ ಯಾರೂ ಇಲ್ಲ. ತಮಟೆಯವನು ಕುಣಿಯುವವನ ಕಾಲನ್ನು ನೋಡುತ್ತಾನೆ. ಅವನು ದಣಿದರೆ ಗತ್ತು ಇಳಿಸುತ್ತಾನೆ, ಹುರುಪು ಬಂದರೆ ಏರಿಸುತ್ತಾನೆ. ಮುದುಕರೊಬ್ಬರು ಹೆಜ್ಜೆ ಹಾಕಲು ಬಂದರೆ ಅವರ ವಯಸ್ಸಿಗೆ ತಕ್ಕ ಹೆಜ್ಜೆ ಕೊಡುತ್ತಾನೆ. ಮನುಷ್ಯ ಮನುಷ್ಯನಿಗೆ ಕೊಡುವ ಈ ಗಮನ ಯಂತ್ರದಿಂದ ಬರುವುದಿಲ್ಲ. ಹಬ್ಬದ ಸಂತೋಷ ಹೆಚ್ಚುವುದು ಸದ್ದು ಹೆಚ್ಚಾದಾಗಲ್ಲ, ಈ ಗಮನ ಸಿಕ್ಕಾಗ.

ಆದ್ದರಿಂದ ನನ್ನ ಬೇಡಿಕೆಗಳನ್ನು ನೇರವಾಗಿ ಹೇಳಿಬಿಡುತ್ತೇನೆ. ಊರಹಬ್ಬದ ಸಮಿತಿಯಲ್ಲಿರುವ ಅಣ್ಣಂದಿರೇ, ಈ ವರ್ಷ ನಿಮ್ಮ ತಾಲ್ಲೂಕಿನದೇ ಒಂದು ತಮಟೆ ತಂಡವನ್ನು, ಒಂದು ಕೋಲಾಟದ ತಂಡವನ್ನು ಕರೆಸಿ. ಪೆಟ್ಟಿಗೆ ಬಾಡಿಗೆಗೆ ಕೊಡುವಷ್ಟೇ ಹಣವನ್ನು ಅವರಿಗೂ ಕೊಡಿ. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿ, ಅವರ ಹೆಸರನ್ನು ಮೈಕಿನಲ್ಲಿ ಹೇಳಿ. ಮೇಷ್ಟರುಗಳೇ, ಶಾಲಾ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಕುಣಿತದ ಜೊತೆಗೆ ತಮಟೆಯನ್ನೂ ಕಲಿಸಿ. ಅದನ್ನು ಒಂದೇ ಕೇರಿಯ ಮಕ್ಕಳಿಗೆ ವಹಿಸಬೇಡಿ, ತರಗತಿಯ ಎಲ್ಲ ಮಕ್ಕಳ ಕೈಗೂ ಕೊಡಿ, ಹೆಣ್ಣುಮಕ್ಕಳ ಕೈಗೂ ಕೊಡಿ. ನಂದಿಬೆಟ್ಟಕ್ಕೆ ಬರುವವರೇ, ಇಳಿದು ಹೋಗುವಾಗ ಭೋಗನಂದೀಶ್ವರನ ಗುಡಿಯ ಜಾಲಂಧ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಮಕ್ಕಳನ್ನೂ ನಿಲ್ಲಿಸಿ ತೋರಿಸಿ. ಕಲ್ಲಿನ ಕುಣಿತವನ್ನು ಪುರಾತತ್ವ ಇಲಾಖೆ ಕಾಪಾಡುತ್ತಿದೆ. ಬದುಕಿರುವವರ ಕುಣಿತವನ್ನು ಕಾಪಾಡುವ ಹೊಣೆ ನಮ್ಮದು, ನಿಮ್ಮದು.